ಮೊಬೈಲ್‌ನಲ್ಲಿ ಕೇಳಿದಾಗ ಏನೂ ಅನ್ನಿಸದ ಭಜನೆ, ಎಲ್ಲರ ಜೊತೆ ಕೂತು ಹಾಡುವಾಗ ಅಳು ತರಿಸುವುದೇಕೆ?

ಮುಖ್ಯ ಕಾರಣ ಉಸಿರು ಅಂತ ನನಗನ್ನಿಸುತ್ತದೆ. ಒಟ್ಟಿಗೆ ಹಾಡುವವರು ಒಂದೇ ಜಾಗದಲ್ಲಿ ಉಸಿರು ಎಳೆದುಕೊಂಡು, ಸಾಲಿನುದ್ದಕ್ಕೂ ಒಟ್ಟಿಗೇ ಬಿಡುತ್ತಾರೆ. ಉಸಿರು ಎಳೆಯುವಾಗ ಎದೆಬಡಿತ ತುಸು ವೇಗವಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಹಾಗಾಗಿ ಹಾಡುವವರ ಎದೆಬಡಿತದ ಏರಿಳಿತವೂ ಒಂದಕ್ಕೊಂದು ಹೊಂದಿಕೊಳ್ಳುತ್ತದೆ. ಸ್ವೀಡನ್ನಿನ ಸಂಶೋಧಕರು 2013ರಲ್ಲಿ ಇದನ್ನು ಅಳೆದೇ ತೋರಿಸಿದರು. ಫೋನಿನಲ್ಲಿ ಸುಮ್ಮನೆ ಕೇಳುವಾಗ ನಿಮ್ಮ ಉಸಿರಿಗೆ ಕೆಲಸವೇ ಇಲ್ಲ.

ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ರಾತ್ರಿ ಚೆಲುವನಾರಾಯಣಸ್ವಾಮಿ ವೈರಮುಡಿ ಎಂಬ ವಜ್ರದ ಕಿರೀಟ ಧರಿಸಿ ಹೊರಗೆ ಬಂದಾಗ ಸಾವಿರಾರು ಗಂಟಲು ಒಂದೇ ಸಲ ‘ಗೋವಿಂದಾ’ ಅನ್ನುತ್ತವೆ. ಡೋಲಿನ ಪೆಟ್ಟು ಕಿವಿಗಷ್ಟೇ ಅಲ್ಲ, ಎದೆಗೂ ತಾಗುತ್ತದೆ. ಫೋನಿನ ಪುಟ್ಟ ಸ್ಪೀಕರಿಗೆ ಆ ತಗ್ಗು ದನಿ ಹೊರಡಿಸುವ ಶಕ್ತಿಯಿಲ್ಲ. ಗಂಟೆಗಟ್ಟಲೆ ಕಾದು ನಿಂತದ್ದೂ ವ್ಯರ್ಥವಲ್ಲ. ಇಷ್ಟದ ಸಂಗೀತ ಕೇಳುವಾಗ ರೋಮಾಂಚನಕ್ಕೆ ಮುಂಚಿನ ನಿರೀಕ್ಷೆಯಲ್ಲೇ ಮಿದುಳಿನಲ್ಲಿ ಖುಷಿಯ ಅನುಭವಕ್ಕೆ ಸಂಬಂಧಿಸಿದ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ ಎಂದು 2011ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಅಧ್ಯಯನವೊಂದು ಕಂಡುಕೊಂಡಿತು.

ಇದೆಲ್ಲ ಹೇಳಿದರೆ ಭಕ್ತಿ ಸಣ್ಣದಾಯಿತು ಎಂದು ಕೆಲವರಿಗೆ ಬೇಸರ. ನನಗೆ ಹಾಗನ್ನಿಸುವುದಿಲ್ಲ. ಮನೆಯಲ್ಲಿ ಯಾರ ಮುಂದೆಯೂ ಅಳಲಾಗದವರು ದೇವರ ಮುಂದೆ, ಹತ್ತು ಜನರ ನಡುವೆ ಅಳುತ್ತಾರೆ, ಅಲ್ಲಿ ಯಾರೂ ಕಾರಣ ಕೇಳುವುದಿಲ್ಲ. ಆ ಸಲಿಗೆ ಯಾವ ರೆಕಾರ್ಡಿಂಗೂ ಕೊಡುವುದಿಲ್ಲ.

ಅಳು ಬಂದರೆ ತಡೆಯಬೇಡಿ. ಮೈಸೂರಿನ ಎಷ್ಟೋ ಬಡಾವಣೆಗಳಲ್ಲಿ ಭಜನಾ ಮಂಡಳಿಗಳಿವೆ. ಒಬ್ಬರು ಹೇಳಿಕೊಟ್ಟಂತೆ ಉಳಿದವರು ಹಾಡುವುದು ಭಜನೆಯ ವಾಡಿಕೆ, ಆದ್ದರಿಂದ ಹಾಡು ಗೊತ್ತಿಲ್ಲದವರೂ ದನಿಗೂಡಿಸಬಹುದು.