‘ಪ್ರೋಗ್ರೆಸ್’ ಪದದ ಅರ್ಥವೇನು? ಹೇಗೆ ಬಳಸಬೇಕು?

ಸರಳವಾಗಿ ಹೇಳಿದರೆ ಪ್ರಗತಿ, ಮುನ್ನಡೆ. ಲ್ಯಾಟಿನ್‌ನಲ್ಲಿ ‘ಪ್ರೋ’ ಅಂದರೆ ಮುಂದೆ, ಉಳಿದ ಭಾಗ ಹೆಜ್ಜೆ ಹಾಕುವುದು. ನಮ್ಮ ‘ಪ್ರ + ಗತಿ’ಯ ಕಟ್ಟಣೆಯೂ ಹಾಗೆಯೇ. ಮುಂಬೈ–ಪುಣೆ ನಡುವೆ ಓಡುವ ಪ್ರಗತಿ ಎಕ್ಸ್‌ಪ್ರೆಸ್ ನೆನಪಿಟ್ಟುಕೊಂಡರೆ ಅರ್ಥ ಮರೆಯುವುದಿಲ್ಲ (ಕರ್ಜತ್ ಘಾಟಿನಲ್ಲಿ ಅದೂ ನಿಧಾನವೇ ಅನ್ನಿ).

ಇಲ್ಲಿ ಮುಂಬೈ ಕಡೆಯ ಡೊಂಬಿವಲಿ, ಮಾಟುಂಗಾದ ನಮ್ಮ ಕನ್ನಡಿಗರು ಎಡವುವುದು ಬಳಕೆಯಲ್ಲಿ. ನಾಮಪದವಾದಾಗ ಇದನ್ನು ಎಣಿಸುವ ಹಾಗಿಲ್ಲ: ‘ಎ ಪ್ರೋಗ್ರೆಸ್’ ತಪ್ಪು, ‘ಗುಡ್ ಪ್ರೋಗ್ರೆಸ್’ ಸರಿ. ಜೊತೆಗೆ ಬರುವ ಕ್ರಿಯಾಪದ ‘ಮೇಕ್’, ‘ಡು’ ಅಲ್ಲ. ನಾಮಪದದಲ್ಲಿ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದದಲ್ಲಿ ‘ಗ್ರೆಸ್’ಗೆ.

ರಸ್ತೆ ಅಗೆದು ನೆಟ್ಟ ‘ವರ್ಕ್ ಇನ್ ಪ್ರೋಗ್ರೆಸ್’ ಫಲಕದ ಅರ್ಥ ಕೆಲಸ ನಡೆಯುತ್ತಿದೆ ಎಂದಷ್ಟೇ. ಚೆನ್ನಾಗಿ ಸಾಗಿದೆ ಎಂದಲ್ಲ.

ಇನ್ನೊಂದು ಎಚ್ಚರ. ಡಾಕ್ಟರು ರೋಗಿಯ ಬಗ್ಗೆ ‘ಗುಡ್ ಪ್ರೋಗ್ರೆಸ್’ ಅಂದರೆ ಖುಷಿಪಡಿ. ರೋಗವೇ ‘ಪ್ರೋಗ್ರೆಸ್’ ಆಗಿದೆ ಅಂದರೆ ಅದು ಉಲ್ಬಣಿಸಿದೆ ಎಂದರ್ಥ. ಊರಿಗೆ ಫೋನ್ ಮಾಡಿ ‘ಸುಧಾರಿಸಿದೆಯಂತೆ’ ಅಂತ ಹೇಳಿಬಿಟ್ಟೀರಿ!