ಪ್ರತಿಭಟನೆಗೆ ಬಂದವರು, ಬೆಂಕಿ ಹಚ್ಚಲು ಬಂದವರು

ದಾವಣಗೆರೆಯ ಓದುಗರೊಬ್ಬರು, ನಿವೃತ್ತ ಉಪನ್ಯಾಸಕರು, ಬರೆದಿದ್ದಾರೆ: ‘ಪ್ರತಿಭಟನೆ ಎಂದರೆ ಈಗ ಬಸ್ಸು ಸುಡುವುದು, ಗಾಜು ಒಡೆಯುವುದು ಎಂದಾಗಿದೆ. ಬೀದಿಗಿಳಿಯುವವರೆಲ್ಲ ಪುಂಡರೇ. ಕರೆ ಕೊಟ್ಟವರ ಆಸ್ತಿ ಜಪ್ತಿ ಮಾಡಿ ನಷ್ಟ ವಸೂಲು ಮಾಡಿದರೆ ತಾನಾಗಿಯೇ ನಿಲ್ಲುತ್ತದೆ.’

ಮಾನ್ಯರೇ, ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಜನ ಸೇರಿಸಿದವರಿಗೆ ಜನರ ಹೊಣೆಯೂ ಇರಬೇಕು. 1922ರಲ್ಲಿ ಚೌರಿ ಚೌರಾದ ಠಾಣೆಯಲ್ಲಿ ಪೊಲೀಸರು ಸುಟ್ಟು ಸತ್ತಾಗ ಗಾಂಧೀಜಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದ್ದು ಆ ಹೊಣೆ ಹೊತ್ತೇ. ಆದರೆ ‘ಬೀದಿಗಿಳಿಯುವವರೆಲ್ಲ’ ಎಂಬ ಮಾತು ಇಷ್ಟು ವರ್ಷ ಪಾಠ ಹೇಳಿದ ನಿಮ್ಮಿಂದ ಬರಬಾರದಿತ್ತು.

2016ರ ಏಪ್ರಿಲ್ 18 ಮತ್ತು 19ನ್ನು ನೆನಪಿಸಿಕೊಳ್ಳಿ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ಸಂಘಟನೆಯ ಕರೆಗೂ ಕಾಯದೆ ಹೊಸೂರು ರಸ್ತೆಯಲ್ಲಿ, ಮರುದಿನ ತುಮಕೂರು ರಸ್ತೆಯಲ್ಲೂ ಬಂದು ಕುಳಿತರು. ಮಗಳ ಮದುವೆಗೋ ಸಾಲ ತೀರಿಸುವುದಕ್ಕೋ ಅವರಿಗಿದ್ದ ಗಂಟು ಅದೊಂದೇ. ಎರಡನೆಯ ದಿನ ಬಸ್ಸುಗಳು ಉರಿದವು, ಹೆಬ್ಬಗೋಡಿ ಠಾಣೆಯ ಮೇಲೆ ದಾಳಿಯಾಯಿತು. ಅದೇ ದಿನ ಕೇಂದ್ರ ನಿಯಮವನ್ನು ಹಿಂದಕ್ಕೆ ಪಡೆಯಿತು. ಬೆಂಕಿ ಹಚ್ಚಿದವರು ನಾವಲ್ಲ, ಹೊರಗಿನವರು ಎಂದು ಕಾರ್ಮಿಕರು ಆಗಲೇ ಹೇಳಿದರು. ಪೀಣ್ಯದಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬ ತಾಯಿ ತನ್ನ ಕೊರಳ ಕಾರ್ಡನ್ನು ಎತ್ತಿ ತೋರಿಸಿ ನನ್ನನ್ನು ಕೇಳಿದ್ದರು: ‘ಫೋಟೊ, ಹೆಸರು, ನಂಬರು ಎಲ್ಲಾ ಇಲ್ಲೇ ನೇತಾಡ್ತಿದೆ ಸಾರ್. ಇದನ್ನ ಹಾಕ್ಕೊಂಡು ಬಂದೋರು ಬಸ್ಸಿಗೆ ಬೆಂಕಿ ಹಚ್ತಾರಾ?’ ಅವರಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ನಿಮ್ಮಲ್ಲಿದ್ದರೆ ದಯವಿಟ್ಟು ಬರೆಯಿರಿ.

ಅದೇ ವರ್ಷ ಸೆಪ್ಟೆಂಬರ್ 12ರಂದು ಕಾವೇರಿ ಗಲಾಟೆಯಲ್ಲಿ ಬೆಂಗಳೂರಿನ ಡಿಪೊವೊಂದರಲ್ಲಿ ನಲವತ್ತಕ್ಕೂ ಹೆಚ್ಚು ಖಾಸಗಿ ಬಸ್ಸುಗಳು ಬೂದಿಯಾದವು. ನೀರಿಲ್ಲದೆ ಭತ್ತ ಒಣಗುತ್ತಿದ್ದುದು ಮಂಡ್ಯದ ರೈತನ ಗದ್ದೆಯಲ್ಲಿ, ಬೆಂಕಿ ಬಿದ್ದದ್ದು ಅಲ್ಲಿಂದ ಬಹುದೂರದ ಡಿಪೊದಲ್ಲಿ. ಆದರೂ ಹೊರರಾಜ್ಯಗಳ ಚರ್ಚೆಯಲ್ಲಿ ಕೆಟ್ಟ ಹೆಸರು ಹೊತ್ತದ್ದು ಆ ರೈತನೂ ಸೇರಿದಂತೆ ಕನ್ನಡಿಗರೆಲ್ಲರೂ.

ವೇಷ ಮರೆಸಿ ಗುಂಪಿಗೆ ನುಗ್ಗುವವರು ಪುಂಡರು ಮಾತ್ರವೇ ಅಲ್ಲ. 2007ರ ಆಗಸ್ಟ್‌ನಲ್ಲಿ ಕೆನಡಾದ ಮಾಂಟೆಬೆಲ್ಲೊದಲ್ಲಿ ಮೂರು ದೇಶಗಳ ನಾಯಕರ ಸಭೆಯ ವಿರುದ್ಧ ಪ್ರತಿಭಟನೆ ನಡೆದಾಗ ಮುಸುಕು ಹಾಕಿದ ಮೂವರು ಬಂದರು, ಒಬ್ಬನ ಕೈಯಲ್ಲಿ ಕಲ್ಲಿತ್ತು. ಕಾರ್ಮಿಕ ಮುಖಂಡರೊಬ್ಬರು ಅಡ್ಡ ನಿಂತು, ಕಲ್ಲು ಕೆಳಗಿಡು, ಮುಸುಕು ತೆಗೆ ಎಂದು ಗದರಿದರು. ಮೂವರೂ ಪೊಲೀಸರ ಸಾಲಿನತ್ತ ನುಗ್ಗಿ ‘ಬಂಧನ’ಕ್ಕೊಳಗಾದರು. ನೆಲಕ್ಕೆ ಬಿದ್ದಾಗ ತೆಗೆದ ಚಿತ್ರದಲ್ಲಿ ಅವರ ಬೂಟಿನ ಅಟ್ಟೆಯೂ ಪೊಲೀಸರ ಬೂಟಿನ ಅಟ್ಟೆಯೂ ಒಂದೇ ಬಗೆಯದಾಗಿ ಕಂಡವು. ಕೆಲವೇ ದಿನಗಳಲ್ಲಿ ಕ್ವಿಬೆಕ್ ಪೊಲೀಸ್ ಇಲಾಖೆ, ಅವರು ತನ್ನ ಸಿಬ್ಬಂದಿಯೇ ಎಂದು ಒಪ್ಪಿಕೊಂಡಿತು. ಪ್ರಚೋದನೆಗೆ ಕಳಿಸಿದ್ದಲ್ಲ ಎಂದೂ ಸೇರಿಸಿತು. ಆ ಮುಖಂಡರು ಅಡ್ಡ ನಿಲ್ಲದೆ ಕಲ್ಲು ತೂರಾಟ ಶುರುವಾಗಿದ್ದರೆ ನಿಮ್ಮ ಸಲಹೆಯ ಪ್ರಕಾರ ಜಪ್ತಿಯಾಗಬೇಕಿದ್ದದ್ದು ಅವರದೇ ಆಸ್ತಿ.

ವಸೂಲಿಯ ಮಾತೂ ಹೊಸದಲ್ಲ. ಸಾರ್ವಜನಿಕ ಆಸ್ತಿ ಹಾನಿ ತಡೆಗೆ 1984ರ ಕಾಯ್ದೆಯಿದೆ, ಬೆಂಕಿ ಹಚ್ಚಿದವರಿಗೆ ಹತ್ತು ವರ್ಷದವರೆಗೆ ಶಿಕ್ಷೆಯಿದೆ. 2009ರಲ್ಲಿ ಸುಪ್ರೀಂ ಕೋರ್ಟ್ ನಷ್ಟ ಪರಿಹಾರದ ಮಾರ್ಗಸೂಚಿಯನ್ನೂ ಕೊಟ್ಟಿತು. ಸಂಘಟಕರ ಹೊಣೆಯ ಜೊತೆಗೇ ಪ್ರತಿಭಟನೆಯನ್ನು ಸಾಧ್ಯವಾದಷ್ಟೂ ಚಿತ್ರೀಕರಿಸುವ ಹೊಣೆಯನ್ನು ಪೊಲೀಸರಿಗೂ ಸರ್ಕಾರಕ್ಕೂ ಹೊರಿಸಿತು. ಮೊದಲ ಭಾಗವನ್ನು ಟಿವಿ ಚರ್ಚೆಗಳಲ್ಲಿ ದಿನವೂ ಕೇಳುತ್ತೇವೆ, ಎರಡನೆಯದನ್ನು ಯಾರೂ ಎತ್ತುವುದಿಲ್ಲ.

ಇದರಲ್ಲಿ ಪತ್ರಿಕೋದ್ಯಮದ ಪಾಲು ದೊಡ್ಡದು. ಉರಿಯುವ ಬಸ್ಸಿನ ಚಿತ್ರ ಮುಖಪುಟಕ್ಕೆ ಬರುತ್ತದೆ, ಜನ ಏಕೆ ಬಂದಿದ್ದರು ಎಂಬುದು ಒಳಪುಟದ ಮೂಲೆ ಸೇರುತ್ತದೆ, ಬೆಂಕಿ ಹಚ್ಚಿದವರಿಗೆ ಶಿಕ್ಷೆಯಾಯಿತೇ ಎಂದು ವರ್ಷ ಕಳೆದ ಮೇಲೆ ನ್ಯಾಯಾಲಯಕ್ಕೆ ಹೋಗಿ ವಿಚಾರಿಸುವ ವರದಿಗಾರರು ಅಪರೂಪ. ನಿಮ್ಮ ಊರಿನಲ್ಲಿ ಕೊನೆಯ ಬಾರಿ ಗಲಾಟೆಯಾದಾಗ ದಾಖಲಾದ ಪ್ರಕರಣ ಏನಾಯಿತೆಂದು ವಿಚಾರಿಸಿ ಬರೆದು ಕಳಿಸಿ. ಪೂರ್ತಿಯಾಗಿ ಪ್ರಕಟಿಸುತ್ತೇವೆ.