ಹೆಲಿಕಾಪ್ಟರ್ ಕಲಿಯಲು ವಿದೇಶಕ್ಕೆ: ಹಣ ಕಟ್ಟುವ ಮೊದಲು

ಓದುಗರ ಪ್ರಶ್ನೆಗಳಿಗೆ ಸುರತ್ಕಲ್‌ನಲ್ಲಿ ನೆಲೆಸಿರುವ ನಿವೃತ್ತ ಹೆಲಿಕಾಪ್ಟರ್ ಪೈಲಟ್ ಒಬ್ಬರ ಉತ್ತರ

ಪ್ರಶ್ನೆ: ಸರ್, ನಾನು ಕಟಪಾಡಿಯವನು. ಪಿಯುಸಿ ಪಿಸಿಎಂಬಿ ಮುಗಿಸಿದ್ದೇನೆ. ಆದಿ ಉಡುಪಿಯ ಹೆಲಿಪ್ಯಾಡಿಗೆ ಮಂತ್ರಿಗಳ ಹೆಲಿಕಾಪ್ಟರ್ ಬಂದಾಗಲೆಲ್ಲ ಓಡಿಹೋಗಿ ನೋಡಿದವನು. ಹೆಲಿಕಾಪ್ಟರ್ ಪೈಲಟ್ ಆಗಬೇಕು ಅಂತ ಆಸೆ. ಮಂಗಳೂರಿನ ಒಬ್ಬ ಏಜೆಂಟ್ ಅಮೆರಿಕದ ಒಂದು ಶಾಲೆಯ ಬಗ್ಗೆ ಹೇಳಿದ್ದಾರೆ. ಎಂಟು ತಿಂಗಳ ಕೋರ್ಸ್. ಪೂರ್ತಿ ಶುಲ್ಕ ಈಗಲೇ ಕಟ್ಟಿದರೆ ರಿಯಾಯಿತಿ ಇದೆ, ಮುಗಿಸಿ ಬಂದರೆ ಕೆಲಸ ಗ್ಯಾರಂಟಿ ಅನ್ನುತ್ತಾರೆ. ಕೆನಡಾದಲ್ಲಿ ಇನ್ನೂ ಕಡಿಮೆ ಖರ್ಚಿನ ಶಾಲೆ ಇದೆಯಂತೆ. ಅಪ್ಪ ಮಸ್ಕತ್‌ನಲ್ಲಿದ್ದಾರೆ. ಹಿರಿಯಡ್ಕದ ಜಾಗ ಮಾರಲು ತಯಾರಿದ್ದಾರೆ. ಯಾವ ಶಾಲೆ ಆರಿಸಲಿ?

ಉತ್ತರ: ಮೊದಲು ಅಪ್ಪನಿಗೆ ಫೋನ್ ಮಾಡಿ. ಜಾಗ ಮಾರುವ ಮಾತು ಸದ್ಯಕ್ಕೆ ಬೇಡ ಅಂತ ಹೇಳಿ. ನಿಮ್ಮ ಆಸೆ ಒಳ್ಳೆಯದೇ. ಆದರೆ ಶಾಲೆ ಹುಡುಕುವುದಕ್ಕಿಂತ ಮೊದಲು ಆಗಬೇಕಾದ ಎರಡು ಕೆಲಸ ಇವೆ. ಎರಡೂ ಇಲ್ಲೇ ಆಗುವಂಥವು.

ಒಂದು, ಮೆಡಿಕಲ್. ನಮ್ಮ ದೇಶದ ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಒಪ್ಪಿದ ವೈದ್ಯರಲ್ಲಿ ಕ್ಲಾಸ್ 2 ಪರೀಕ್ಷೆ ಮಾಡಿಸಿ. ಅದು ಆದ ಮೇಲೆ ಕ್ಲಾಸ್ 1. ಕಮರ್ಷಿಯಲ್ ಲೈಸೆನ್ಸಿಗೆ ಕ್ಲಾಸ್ 1 ಬೇಕೇ ಬೇಕು. ಬಣ್ಣ ಗುರುತಿಸುವುದರಲ್ಲಿ ತೊಂದರೆ ಇದ್ದರೆ, ಕಿವಿಯಲ್ಲೋ ಹೃದಯದಲ್ಲೋ ಏನಾದರೂ ಇದ್ದರೆ ಇಲ್ಲೇ ಗೊತ್ತಾಗಲಿ. ಅಮೆರಿಕದ ಮೆಡಿಕಲ್ ಪಾಸಾದರೆ ಸಾಕು, ನಮ್ಮದು ಆಮೇಲೆ ನೋಡಿಕೊಳ್ಳೋಣ ಅನ್ನುವ ಏಜೆಂಟರ ಮಾತು ಕೇಳಬೇಡಿ.

ಎರಡು, ಓದು. ವಿದೇಶದ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಾಯಿಸಿಕೊಳ್ಳಲು ಡಿಜಿಸಿಎ ಪರೀಕ್ಷೆ ಬರೆಯಲೇಬೇಕು. ಏರ್ ರೆಗ್ಯುಲೇಷನ್ ಒಂದು ಪೇಪರ್. ನ್ಯಾವಿಗೇಷನ್ ಮತ್ತು ಹವಾಮಾನ ಸೇರಿಸಿ ಇನ್ನೊಂದು. ಪಾಸಾಗಲು ಶೇ. 70 ಅಂಕ ಬೇಕು. ರೇಡಿಯೋದಲ್ಲಿ ಮಾತಾಡಲು ಆರ್‌ಟಿಆರ್ ಪರೀಕ್ಷೆ ಬೇರೆ. ಪಿಯುಸಿ ಭೌತಶಾಸ್ತ್ರ, ಗಣಿತ ತಲೆಯಲ್ಲಿ ಹಸಿಯಾಗಿರುವಾಗಲೇ ಈ ಪುಸ್ತಕ ಹಿಡಿಯಿರಿ. ಈ ಓದು ಮೂರು ತಿಂಗಳಲ್ಲಿ ಬೇಸರ ತಂದರೆ ಅದೂ ಒಂದು ಉತ್ತರವೇ ಅಲ್ವಾ?

ಈಗ ಶಾಲೆಯ ವಿಷಯಕ್ಕೆ ಬರೋಣ. ನೌಕಾಪಡೆಯಲ್ಲಿ ಚೇತಕ್ ಹಾರಿಸಿ, ಆಮೇಲೆ ಮುಂಬೈಯ ಜುಹೂವಿನಿಂದ ಸಮುದ್ರದ ತೈಲ ವೇದಿಕೆಗಳಿಗೆ ಹಾರಿದವನು ನಾನು. ಕೆಲಸ ಕೇಳಿಕೊಂಡು ಬರುವ ಹುಡುಗರ ಲಾಗ್‌ಬುಕ್, ಅಂದರೆ ಹಾರಿದ ಗಂಟೆಗಳ ಲೆಕ್ಕದ ಪುಸ್ತಕ, ನೋಡುವ ಕೆಲಸವೂ ಕೆಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಮುದ್ದಾದ ಅಕ್ಷರದಲ್ಲಿ ಬರೆದ ಲಾಗ್‌ಬುಕ್ ತಂದು ಎದುರು ಕೂತ ಹುಡುಗನಿಗೆ 'ಮಗಾ, ನಿನ್ನ ಗಂಟೆ ಸಾಲದು' ಅಂತ ಹೇಳುವುದು ಬಹಳ ಕಷ್ಟದ ಕೆಲಸ. ತಪ್ಪು ಅವನ ಹಾರಾಟದಲ್ಲಿ ಇರುತ್ತಿರಲಿಲ್ಲ. ಯಾವ ದೇಶದ ಲೈಸೆನ್ಸ್ ಬೇಕು, ಅದಕ್ಕೆ ಎಷ್ಟು ಗಂಟೆ ಬೇಕು ಅನ್ನುವುದನ್ನು ಮೊದಲೇ ಯಾರೂ ಹೇಳಿರುತ್ತಿರಲಿಲ್ಲ, ಅಷ್ಟೇ.

ಭಾರತದ ಕಮರ್ಷಿಯಲ್ ಹೆಲಿಕಾಪ್ಟರ್ ಲೈಸೆನ್ಸಿಗೆ ಹೆಲಿಕಾಪ್ಟರಿನಲ್ಲೇ 150 ಗಂಟೆ ಹಾರಿರಬೇಕು. ಕೆನಡಾದಲ್ಲಿ 100 ಗಂಟೆಗೇ ಕಮರ್ಷಿಯಲ್ ಲೈಸೆನ್ಸ್ ಸಿಗುತ್ತದೆ. ನಿಮಗೆ ಕಡಿಮೆ ಖರ್ಚು ಅಂತ ಹೇಳಿರುವುದು ಬಹುಶಃ ಇದನ್ನೇ. ಅಮೆರಿಕದಲ್ಲಿ 150 ಗಂಟೆಯ ಲೆಕ್ಕ ಇದೆ, ಆದರೆ ಅದರಲ್ಲಿ ಹೆಲಿಕಾಪ್ಟರಿನದು 50 ಇದ್ದರೂ ನಡೆಯುತ್ತದೆ, ಉಳಿದದ್ದು ವಿಮಾನದಲ್ಲಿ ಹಾರಿದ್ದಾದರೂ ಆಗುತ್ತದೆ. ಪಾರ್ಟ್ 141 ಅನ್ನುವ ನಿಯಮದಡಿ ನಡೆಯುವ ಶಾಲೆಗಳಲ್ಲಿ ಕಮರ್ಷಿಯಲ್ ಕೋರ್ಸ್ 115 ಗಂಟೆಯದು, ಆದರೆ ಅದಕ್ಕೆ ಮೊದಲು ಮಾಡುವ ಪ್ರೈವೇಟ್ ಲೈಸೆನ್ಸಿನ ಗಂಟೆಗಳು ಬೇರೆ. ಅವರವರ ದೇಶಕ್ಕೆ ಇದೆಲ್ಲ ಸರಿಯೇ. ಇಲ್ಲಿಗೆ ಬಂದರೆ ಬಾಕಿ ಗಂಟೆಗಳನ್ನು ಮತ್ತೆ ದುಡ್ಡು ಕೊಟ್ಟು ಹಾರಬೇಕು. ಇಲ್ಲಿ ಹಾರಲು ಶಾಲೆಗಳೇ ಕಡಿಮೆ.

ಆದ್ದರಿಂದ ಹೀಗೆ ಮಾಡಿ. ಡಿಜಿಸಿಎ ನಿಯಮದಲ್ಲಿ ಒಂಟಿ ಹಾರಾಟ, ದೂರದ ಹಾರಾಟ, ರಾತ್ರಿ ಹಾರಾಟ, ಉಪಕರಣ ನೋಡಿ ಹಾರುವುದು ಅಂತ ಒಂದೊಂದಕ್ಕೂ ಗಂಟೆ ಹೇಳಿದ್ದಾರೆ. ಆ ಪುಟ ಪ್ರಿಂಟ್ ತೆಗೆಯಿರಿ. ಶಾಲೆಗೆ ಕಳಿಸಿ. ಪ್ರತಿ ಸಾಲಿನ ಎದುರು ನಿಮ್ಮ ಕೋರ್ಸಿನಲ್ಲಿ ಇದು ಎಷ್ಟು ಅಂತ ಅವರೇ ಬರೆದು, ಸಹಿ ಹಾಕಿ ಕಳಿಸಲಿ. ಸಿಮ್ಯುಲೇಟರ್ ಗಂಟೆ ಬೇರೆ ಬರೆಯಲಿ. ಕಳಿಸಲು ಹಿಂದೇಟು ಹಾಕಿದ ಶಾಲೆಯನ್ನು ಪಟ್ಟಿಯಿಂದ ತೆಗೆದುಬಿಡಿ. ಬೇರೆ ಕಾರಣ ಬೇಕಿಲ್ಲ.

ಪೂರ್ತಿ ಶುಲ್ಕ ಮುಂಗಡ ಕಟ್ಟುವ ವಿಷಯ. ಇದಕ್ಕೆ ನನ್ನ ಉತ್ತರ ಒಂದೇ: ಬೇಡ. ಅಮೆರಿಕದ ಲಾಸ್ ವೇಗಾಸ್ ಮೂಲದ ಸಿಲ್ವರ್ ಸ್ಟೇಟ್ ಹೆಲಿಕಾಪ್ಟರ್ಸ್ ಅನ್ನುವ ಕಂಪನಿ ಒಂದು ಕಾಲಕ್ಕೆ ಹಲವು ರಾಜ್ಯಗಳಲ್ಲಿ ಶಾಲೆ ನಡೆಸುತ್ತಿತ್ತು. ವಿದ್ಯಾರ್ಥಿಗಳಿಂದ ಸುಮಾರು 70 ಸಾವಿರ ಡಾಲರ್ ಮುಂಗಡ ತೆಗೆದುಕೊಳ್ಳುತ್ತಿತ್ತು. ಹೆಚ್ಚಿನವರು ಸಾಲ ಮಾಡಿ ಕಟ್ಟಿದ್ದರು. 2008ರ ಫೆಬ್ರವರಿಯಲ್ಲಿ ಒಂದು ಭಾನುವಾರ ಕಂಪನಿ ಬಾಗಿಲು ಹಾಕಿತು, ದಿವಾಳಿ ಅಂತ ಕೋರ್ಟಿಗೆ ಹೋಯಿತು. ಎರಡು ಸಾವಿರಕ್ಕೂ ಜಾಸ್ತಿ ವಿದ್ಯಾರ್ಥಿಗಳು ಅರ್ಧದಲ್ಲಿ ನಿಂತರು. ಅವರು ಆ ದೇಶದವರು, ಮನೆಗೆ ಹೋಗಿ ಬೇರೆ ದಾರಿ ಹುಡುಕಬಹುದಿತ್ತು. ನೀವು ವೀಸಾದ ಮೇಲೆ ಹೋದವರು.

ವೀಸಾ ಅಂದೆನಲ್ಲ, ಅದನ್ನು ಸರಿಯಾಗಿ ತಿಳಿದುಕೊಳ್ಳಿ. ಅಮೆರಿಕದ ಹೆಚ್ಚಿನ ಹಾರಾಟ ಶಾಲೆಗಳು ಕೊಡುವುದು ಎಂ-1 ವೀಸಾಕ್ಕೆ ಬೇಕಾದ ಐ-20 ಪತ್ರ. ಎಂ-1ನಲ್ಲಿ ಹೋದವರು ಮೊದಲ ಆರು ತಿಂಗಳು ದಾಟಿದ ಮೇಲೆ ಶಾಲೆ ಬದಲಾಯಿಸುವಂತಿಲ್ಲ, ತಮ್ಮ ಕೈಮೀರಿದ ಕಾರಣ ಇದ್ದರೆ ಮಾತ್ರ ಅವಕಾಶ. ಓದುವಾಗ ಕೆಲಸ ಮಾಡುವಂತಿಲ್ಲ. ಅಲ್ಲಿದ್ದುಕೊಂಡೇ ಎಫ್-1ಗೆ, ಅಂದರೆ ಕಾಲೇಜು ಓದುವವರ ವೀಸಾಕ್ಕೆ, ಬದಲಾಗುವಂತಿಲ್ಲ. ಕೋರ್ಸ್ ಮುಗಿದ ಮೇಲೆ ಪ್ರತಿ ನಾಲ್ಕು ತಿಂಗಳ ಓದಿಗೆ ಒಂದು ತಿಂಗಳಂತೆ, ಜಾಸ್ತಿ ಅಂದರೆ ಆರು ತಿಂಗಳು ಅಲ್ಲಿ ಕೆಲಸದ ಅನುಭವ ಪಡೆಯಬಹುದು. ಎಂಟು ತಿಂಗಳ ಕೋರ್ಸಿಗೆ ಎರಡೇ ತಿಂಗಳು. ಎಫ್-1 ಇದ್ದರೆ ಇದು ಒಂದು ವರ್ಷದವರೆಗೆ ಸಿಗುತ್ತದೆ. ಕಾಲೇಜಿನ ಜೊತೆ ಸೇರಿ ಹಾರಾಟ ಕಲಿಸುವ ಕಡೆ ಎಫ್-1 ಸಿಗುವುದುಂಟು.

ಈ ವ್ಯತ್ಯಾಸ ಯಾಕೆ ಇಷ್ಟು ದೊಡ್ಡದು ಅಂದರೆ, 150 ಗಂಟೆಯ ಪೈಲಟ್‌ಗೆ ಕೆಲಸ ಸಿಗುವುದು ಎಲ್ಲ ಕಡೆಯೂ ಕಷ್ಟ. ಅಮೆರಿಕದಲ್ಲಿ ಪ್ರವಾಸಿಗರನ್ನು ಸುತ್ತಿಸುವ ಕಂಪನಿಗಳೂ ಸಾಮಾನ್ಯವಾಗಿ 1000 ಗಂಟೆಯ ಆಸುಪಾಸು ಕೇಳುತ್ತವೆ. ಅಲ್ಲಿನ ಹುಡುಗರು ಶಿಕ್ಷಕರಾಗಿ ಸೇರಿ ಆ ಗಂಟೆ ಮಾಡಿಕೊಳ್ಳುತ್ತಾರೆ. ತರಬೇತಿಗೆ ಹೆಚ್ಚಾಗಿ ಬಳಸುವುದು ರಾಬಿನ್ಸನ್ ಆರ್22, ಇಬ್ಬರು ಕೂರುವ ಪುಟ್ಟ ಹೆಲಿಕಾಪ್ಟರ್. ಅದರಲ್ಲಿ ಕಲಿಸಲು ಅಲ್ಲಿನ ನಿಯಮದ ಪ್ರಕಾರ 200 ಗಂಟೆ ಹೆಲಿಕಾಪ್ಟರ್ ಹಾರಾಟ ಇರಬೇಕು, ಅದರಲ್ಲಿ 50 ಆರ್22ನದೇ ಆಗಿರಬೇಕು. ಹಾಗಾಗಿ 150 ಗಂಟೆಗೆ ಮುಗಿಯುವ ಕೋರ್ಸ್ ಮಾಡಿ, ಶಿಕ್ಷಕನಾಗಿ ಗಂಟೆ ಮಾಡಿಕೊಳ್ಳುತ್ತೇನೆ ಅಂದರೆ ಲೆಕ್ಕ ಕೂಡುವುದಿಲ್ಲ.

ಊರಿನ ಕಥೆಯನ್ನೂ ಮುಚ್ಚಿಡದೆ ಹೇಳುತ್ತೇನೆ. ನಮ್ಮಲ್ಲಿ ಹೆಲಿಕಾಪ್ಟರ್ ಕೆಲಸಗಳಲ್ಲಿ ದೊಡ್ಡ ಪಾಲು ಸೇನೆಯಿಂದ ಬಂದವರದು. ನಾನೂ ಹಾಗೆಯೇ ಬಂದವನು. ಸಮುದ್ರದ ಕೆಲಸಕ್ಕೆ ಎರಡು ಎಂಜಿನ್‌ನ ಯಂತ್ರ, ಅದಕ್ಕೆ ಸಹಪೈಲಟ್ ಬೇಕಾಗುತ್ತದೆ. ಹೊಸಬರಿಗೆ ಬಾಗಿಲು ತೆರೆಯುವುದು ಹೆಚ್ಚಾಗಿ ಅಲ್ಲಿ. ಕೇದಾರನಾಥದಂಥ ಕಡೆ ಬೆಟ್ಟದ ಹಾರಾಟ ಹಳಬರಿಗೂ ಸುಲಭದ್ದಲ್ಲ. ಪಿಸ್ಟನ್ ಎಂಜಿನ್‌ನ ಆರ್22ನಲ್ಲಿ ಕಲಿತವರಿಗೆ ಇಲ್ಲಿ ಟರ್ಬೈನ್ ಯಂತ್ರದ ಟೈಪ್ ತರಬೇತಿ, ಅಂದರೆ ಆ ಮಾದರಿಯದೇ ತರಬೇತಿ ಬೇಕು, ಅದರ ಖರ್ಚು ಬೇರೆ. 'ಕೆಲಸ ಗ್ಯಾರಂಟಿ' ಅನ್ನುವವರಿಗೆ ಯಾವ ಕಂಪನಿ, ಯಾವ ಹುದ್ದೆ ಅಂತ ಕಾಗದದಲ್ಲಿ ಬರೆದು ಕೊಡಲು ಹೇಳಿ.

ಖರ್ಚಿನ ಅಂದಾಜು ಹೇಳುವುದಾದರೆ, ಅಮೆರಿಕದಲ್ಲಿ ಆರ್22ನಲ್ಲಿ ಶಿಕ್ಷಕರ ಜೊತೆ ಒಂದು ಗಂಟೆಗೆ ಸುಮಾರು 350ರಿಂದ 450 ಡಾಲರ್ ಬೀಳುತ್ತದೆ. 150 ಗಂಟೆಗೆ 60 ಸಾವಿರ ಡಾಲರ್ ಇಟ್ಟುಕೊಳ್ಳಿ. ಅಲ್ಲಿಗೇ 50 ಲಕ್ಷ ರೂಪಾಯಿ ದಾಟಿತು. ವಸತಿ, ಊಟ, ಇನ್ಶೂರೆನ್ಸ್, ಪರೀಕ್ಷಕರ ಶುಲ್ಕ, ಹೋಗಿ ಬರುವ ಟಿಕೆಟ್ ಇದಕ್ಕೆ ಸೇರಿಲ್ಲ. ದರ ಕೇಳುವಾಗ ಗಂಟೆ ಯಾವ ಮೀಟರಿನದು ಅಂತ ಕೇಳಿ. ಎಂಜಿನ್ ಶುರುವಾದಾಗಿನಿಂದ ಓಡುವ ಮೀಟರ್ ಇದೆ, ಕಲೆಕ್ಟಿವ್, ಅಂದರೆ ಹೆಲಿಕಾಪ್ಟರನ್ನು ಮೇಲೆ ಕೆಳಗೆ ಮಾಡುವ ಸನ್ನೆ, ಎತ್ತಿದಾಗ ಮಾತ್ರ ಓಡುವ ಮೀಟರ್ ಇದೆ. ನೆಲದ ಮೇಲೆ ಎಂಜಿನ್ ಬಿಸಿಯಾಗುತ್ತಾ ನಿಂತ ಹೊತ್ತಿಗೂ ನೀವು ಹಣ ಕೊಡುತ್ತೀರೋ ಇಲ್ಲವೋ ಅನ್ನುವುದು ಇದರ ಮೇಲೆ ನಿಂತಿದೆ. ಇಂಧನ ಸೇರಿದೆಯಾ, ಶಿಕ್ಷಕರು ತರಗತಿಯಲ್ಲಿ ಹೇಳಿಕೊಡುವ ಹೊತ್ತಿಗೆ ಬೇರೆ ಬಿಲ್ ಇದೆಯಾ, ಅದನ್ನೂ ಕೇಳಿ. ಹಾರಿದಷ್ಟಕ್ಕೆ ಹಣ ಕಟ್ಟುವ ಶಾಲೆಗೇ ಹೋಗಿ. ಮುಂಗಡ ಇಡಲೇಬೇಕು ಅಂದರೆ ಸಣ್ಣ ಮೊತ್ತ ಇಡಿ, ಉಳಿದದ್ದು ವಾಪಸ್ ಬರುವ ನಿಯಮ ಬರಹದಲ್ಲಿರಲಿ.

ಇನ್ನು ಹೆಚ್ಚಿನವರು ಕೇಳದ ಒಂದು ಪ್ರಶ್ನೆ. ಎಷ್ಟು ಹೆಲಿಕಾಪ್ಟರ್ ಇವೆ, ಎಷ್ಟು ವಿದ್ಯಾರ್ಥಿಗಳಿದ್ದಾರೆ, ಒಂದೊಂದು ಯಂತ್ರದ ಓವರ್‌ಹಾಲ್ ಯಾವಾಗ? ಆರ್22ಗೆ 2200 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಆಗ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಬೇಕು. ಎರಡೇ ಯಂತ್ರ ಇರುವ ಶಾಲೆಯಲ್ಲಿ ಒಂದು ತಿಂಗಳುಗಟ್ಟಲೆ ನಿಂತರೆ ನಿಮ್ಮ ಎಂಟು ತಿಂಗಳು ಹದಿನಾಲ್ಕಾಗುತ್ತದೆ. ಬಾಡಿಗೆ ಮಾತ್ರ ಪ್ರತಿ ತಿಂಗಳು ಕಟ್ಟಬೇಕು. ಹವಾಮಾನವೂ ಹಾಗೆಯೇ. ಫ್ಲೋರಿಡಾದಲ್ಲಿ ಬೇಸಿಗೆಯ ಮಧ್ಯಾಹ್ನ ಗುಡುಗು ಮಳೆ. ಒರೆಗಾನ್ ಕಡೆ ಚಳಿಗಾಲದಲ್ಲಿ ಮೋಡ ಕೆಳಗೇ ಕೂತಿರುತ್ತದೆ. ನಮ್ಮ ಆಷಾಢದಲ್ಲಿ ಮಲ್ಪೆಯ ದೋಣಿ ದಡದಲ್ಲೇ ಇರುವ ಹಾಗೆ ಹೆಲಿಕಾಪ್ಟರೂ ಹ್ಯಾಂಗರಿನಲ್ಲೇ ಇರುತ್ತದೆ. ಯಾವ ತಿಂಗಳು ಶುರು ಮಾಡುತ್ತೀರಿ ಅನ್ನುವುದನ್ನು ಇದನ್ನೆಲ್ಲ ನೋಡಿ ಗೊತ್ತುಮಾಡಿ. ಅಮೆರಿಕನ್ನರಲ್ಲದವರು ಮೊದಲ ಪಾಠಕ್ಕೆ ಮುಂಚೆ ಅಲ್ಲಿನ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎಯಿಂದ ಭದ್ರತಾ ಅನುಮತಿಯನ್ನೂ ಪಡೆಯಬೇಕು. ಅದಕ್ಕೂ ಸಮಯ ಇಟ್ಟುಕೊಳ್ಳಿ.

ಕೊನೆಗೆ ಸುರಕ್ಷತೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಆರ್22ನ ರೋಟರ್ ಹಗುರ. ಎಂಜಿನ್ ನಿಂತರೆ ಒಂದೆರಡು ಸೆಕೆಂಡಿನಲ್ಲಿ ಕಲೆಕ್ಟಿವ್ ಇಳಿಸದಿದ್ದರೆ ರೋಟರಿನ ವೇಗ ಬಿದ್ದುಹೋಗುತ್ತದೆ, ಮತ್ತೆ ಅದನ್ನು ಎತ್ತಲು ಆಗುವುದಿಲ್ಲ. ಅದಕ್ಕೇ ಅಮೆರಿಕದಲ್ಲಿ ಆರ್22, ಅದೇ ಕಂಪನಿಯ ಆರ್44 ಹಾರಿಸುವವರಿಗೆ ಪ್ರತ್ಯೇಕ ತರಬೇತಿ ಕಡ್ಡಾಯ ಮಾಡಿದ್ದಾರೆ. ಎಂಜಿನ್ ಇಲ್ಲದೆ ಇಳಿಸುವ ಆಟೊರೊಟೇಷನ್ನನ್ನು ನೆಲ ಮುಟ್ಟುವವರೆಗೂ ಮಾಡಿಸುತ್ತೀರಾ, ಅಥವಾ ಸ್ವಲ್ಪ ಮೇಲೆಯೇ ಎಂಜಿನ್ ಕೊಟ್ಟು ನಿಲ್ಲಿಸುತ್ತೀರಾ ಅಂತ ಕೇಳಿ. ನಿಮಗೆ ಕಲಿಸುವವರ ಒಟ್ಟು ಗಂಟೆ ಎಷ್ಟು ಅಂತಲೂ ಕೇಳಿ. ಇನ್ನೂರು ಚಿಲ್ಲರೆ ಗಂಟೆಯ ಶಿಕ್ಷಕರಿರುವುದು ಅಲ್ಲಿ ಮಾಮೂಲು. ಅವರ ಮೇಲೆ ಅನುಭವಿ ಮುಖ್ಯ ಶಿಕ್ಷಕರೊಬ್ಬರು ಇದ್ದು, ನಿಮ್ಮ ಜೊತೆ ಆಗಾಗ ಹಾರುತ್ತಾರೆ ಅಂದರೆ ಒಳ್ಳೆಯದು.

ಈಗ ಅಲ್ಲಿ ಕಲಿಯುತ್ತಿರುವ ಭಾರತದ ಇಬ್ಬರು ವಿದ್ಯಾರ್ಥಿಗಳ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡಿ, ಏಜೆಂಟ್ ಪಕ್ಕದಲ್ಲಿ ಇಲ್ಲದಾಗ. ಕೋರ್ಸ್ ಅರ್ಧಕ್ಕೆ ಬಿಟ್ಟವರು ಒಬ್ಬರು ಸಿಕ್ಕಿದರೆ ಅವರ ಹತ್ತಿರವೂ ಮಾತಾಡಿ. ಬೆಂಗಳೂರಿನಲ್ಲಿ ಎಚ್‌ಎಎಲ್‌ನ ರೋಟರಿ ವಿಂಗ್ ಅಕಾಡೆಮಿ ಇದೆ. ಅಲ್ಲಿ ಹೊಸಬರಿಗೆ ಏನು ಅವಕಾಶ ಇದೆ ಅಂತ ವಿಚಾರಿಸದೆ ವಿದೇಶಕ್ಕೆ ಹೊರಡಬೇಡಿ.

ಪ್ರಶ್ನೆ: ನಾನು ಮೂಲ್ಕಿಯ ಹುಡುಗಿ. ಕನ್ನಡಕ ಇದೆ, ಎತ್ತರ ಐದು ಅಡಿ ಒಂದು ಇಂಚು. ಹೆಲಿಕಾಪ್ಟರ್ ಹುಡುಗಿಯರಿಗೆ ಆಗುವುದಿಲ್ಲ ಅಂತ ಮನೆಯಲ್ಲಿ ಹೇಳುತ್ತಾರೆ. ನಿಜವಾ ಅಂಕಲ್?

ಉತ್ತರ: ನಿಜ ಅಲ್ಲಮ್ಮ. 1990ರ ದಶಕದಿಂದಲೇ ನಮ್ಮ ವಾಯುಪಡೆಯಲ್ಲಿ ಹೆಣ್ಣುಮಕ್ಕಳು ಹೆಲಿಕಾಪ್ಟರ್ ಹಾರಿಸುತ್ತಿದ್ದಾರೆ. ಕನ್ನಡಕ ಹಾಕಿಕೊಂಡಾಗ ದೃಷ್ಟಿ ನಿಯಮದಷ್ಟು ಬಂದರೆ ಸಾಕು. ಕಲಿಯುವ ಯಂತ್ರದಲ್ಲಿ ಕೂತು ಪೆಡಲಿಗೆ ಕಾಲು ಪೂರ್ತಿ ಸಿಗುತ್ತದಾ ನೋಡಬೇಕು. ಸಿಗದಿದ್ದರೆ ಬೆನ್ನಿಗೆ ಕುಶನ್ ಇಟ್ಟು ಹಾರಿಸುವವರಿದ್ದಾರೆ. ಪುಟ್ಟ ದೇಹ ಆರ್22ನಲ್ಲಿ ಅನುಕೂಲವೇ. ಅದರ ಒಂದೊಂದು ಸೀಟಿಗೆ ಮಿತಿ ಸುಮಾರು 109 ಕೆ.ಜಿ., ಇಡೀ ಯಂತ್ರ ಹಾರಬಹುದಾದ ತೂಕ 621 ಕೆ.ಜಿ. ಇಬ್ಬರೂ ಭಾರ ಇದ್ದರೆ ಇಂಧನ ಕಡಿಮೆ ತುಂಬಬೇಕಾಗುತ್ತದೆ, ಪಾಠ ಬೇಗ ಮುಗಿಯುತ್ತದೆ. ನಿಮಗೆ ಆ ತೊಂದರೆ ಇಲ್ಲ. ಮೊದಲು ಕ್ಲಾಸ್ 2 ಮೆಡಿಕಲ್ ಮಾಡಿಸಿ, ಆ ಕಾಗದ ಹಿಡಿದು ಮನೆಯವರ ಜೊತೆ ಕೂತು ಮಾತಾಡಿ. ಅವರಿಗೆ ಕೇಳಲು ಏನಾದರೂ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಲಿ, ನಾನು ಉತ್ತರ ಕೊಡುತ್ತೇನೆ.